ಓದುಗರ ಪ್ರಶ್ನೆ: ಸಬ್‌ಟೈಟಲ್‌ನ ಎರಡನೇ ಸಾಲು ಎಲ್ಲಿ ಹೋಯಿತು?

ಹೊರದೇಶದ ಸಿನಿಮಾಗಳನ್ನು ನಮ್ಮೂರ ಥಿಯೇಟರಿನಲ್ಲಿ ನೋಡುವವರಿಂದ, ನೋಡಬೇಕೆಂದು ಆಸೆಪಡುವವರಿಂದ ಈ ಸಲ ಸಾಕಷ್ಟು ಪತ್ರಗಳು ಬಂದಿವೆ. ಆರಿಸಿದ ಕೆಲವಕ್ಕೆ ಇಲ್ಲಿ ಉತ್ತರವಿದೆ.

ಫ್ರೆಂಚ್ ಚಿತ್ರವೊಂದಕ್ಕೆ ಮನೆಮಂದಿಯೆಲ್ಲ ಹೋಗಿದ್ದೆವು. ಸಬ್‌ಟೈಟಲ್‌ನ ಮೊದಲ ಸಾಲು ಕಾಣುತ್ತಿತ್ತು, ಎರಡನೆಯದು ಪರದೆಯ ಕೆಳಗೆ ಮುಳುಗಿಹೋಗುತ್ತಿತ್ತು. ಕೇಳಿದರೆ ‘ಪ್ರಿಂಟೇ ಹಾಗೆ ಬಂದಿದೆ ಸರ್’ ಎಂದರು. ನಿಜವೇ?
— ನಿವೃತ್ತ ಶಿಕ್ಷಕರು, ಮೈಸೂರು

ನಿಜವಲ್ಲ. ಈಗ ಪ್ರಿಂಟ್ ಎಂಬುದೇ ಇಲ್ಲ. ಥಿಯೇಟರಿಗೆ ಬರುವುದು ಡಿಸಿಪಿ ಎಂಬ ಡಿಜಿಟಲ್ ಕಡತ. ಅದರಲ್ಲಿ ಸಬ್‌ಟೈಟಲ್ ಪೂರ್ತಿಯಾಗಿಯೇ ಇರುತ್ತದೆ. ತಪ್ಪಾಗಿರುವುದು ಪ್ರೊಜೆಕ್ಟರ್‌ನ ಸೆಟ್ಟಿಂಗ್‌ನಲ್ಲಿ.

ಚಿತ್ರಗಳು ಮುಖ್ಯವಾಗಿ ಎರಡು ಅಳತೆಯಲ್ಲಿ ಬರುತ್ತವೆ. ಎತ್ತರ 1 ಇದ್ದರೆ ಅಗಲ 1.85 ಇರುವುದು ಫ್ಲ್ಯಾಟ್, 2.39 ಇರುವುದು ಸ್ಕೋಪ್. ನಮ್ಮಲ್ಲಿ ಓಡುವ ದೊಡ್ಡ ಚಿತ್ರಗಳಲ್ಲಿ ಹೆಚ್ಚಿನವು ಸ್ಕೋಪ್, ಆದ್ದರಿಂದ ಪ್ರೊಜೆಕ್ಟರ್ ಬಹುಪಾಲು ಆ ಅಳತೆಗೆ ಮೊದಲೇ ಹೊಂದಿಸಿಟ್ಟ ಪ್ರಿಸೆಟ್‌ನಲ್ಲೇ ಕುಳಿತಿರುತ್ತದೆ. ಯುರೋಪಿನ ಎಷ್ಟೋ ಚಿತ್ರಗಳು ಫ್ಲ್ಯಾಟ್. ಫ್ಲ್ಯಾಟ್ ಚಿತ್ರವನ್ನು ಸ್ಕೋಪ್ ಪ್ರಿಸೆಟ್‌ನಲ್ಲೇ ಬಿಟ್ಟರೆ ಅದು ಸ್ಕೋಪ್ ಪರದೆಯ ಪೂರ್ತಿ ಅಗಲಕ್ಕೆ ಹಿಗ್ಗುತ್ತದೆ, ಎತ್ತರ ಮಾತ್ರ ಹಿಡಿಸುವುದಿಲ್ಲ. ಲೆಕ್ಕ ಹಾಕಿದರೆ ಚಿತ್ರದ ಶೇ. 22ರಷ್ಟು ಭಾಗ ಪರದೆಯಿಂದ ಹೊರಗೆ, ಅಂದರೆ ಮೇಲೆ ಶೇ. 11, ಕೆಳಗೆ ಶೇ. 11, ಸುತ್ತಲಿನ ಕಪ್ಪು ಬಟ್ಟೆಯ ಮೇಲೆ ಬೀಳುತ್ತದೆ. ಸಬ್‌ಟೈಟಲ್‌ನ ಎರಡನೇ ಸಾಲು ಕೂರುವುದು ಸರಿಯಾಗಿ ಅಲ್ಲೇ.

ಇದನ್ನು ಗುರುತಿಸುವುದು ಸುಲಭ. ಪಾತ್ರಗಳ ನೆತ್ತಿಯೂ ಮೇಲೆ ಕತ್ತರಿಸಿಹೋಗಿದೆಯೇ ನೋಡಿ. ಕಪ್ಪು ಬಟ್ಟೆಯ ಮೇಲೆ ಮಂಕಾಗಿ ಅಕ್ಷರಗಳು ಹರಿದಾಡುತ್ತಿದ್ದರೆ ಅನುಮಾನವೇ ಬೇಡ. ಮೊದಲ ಐದು ನಿಮಿಷದೊಳಗೆ ಎದ್ದು ಹೋಗಿ ಡ್ಯೂಟಿ ಮ್ಯಾನೇಜರ್‌ಗೆ ‘ಸಬ್‌ಟೈಟಲ್ ಕಾಣ್ತಿಲ್ಲ’ ಎಂದಷ್ಟೇ ಹೇಳಬೇಡಿ. ‘ಇದು ಫ್ಲ್ಯಾಟ್ ಸಿನಿಮಾ, ಸ್ಕೋಪ್‌ನಲ್ಲಿ ಓಡ್ತಾ ಇದೆ, ಪ್ರಿಸೆಟ್ ಬದಲಿಸಿ’ ಎನ್ನಿ. ಮಲ್ಟಿಪ್ಲೆಕ್ಸ್‌ಗಳಲ್ಲಿ ಪರದೆಗೊಬ್ಬ ಆಪರೇಟರ್ ಇರುವುದಿಲ್ಲ. ವೇಳಾಪಟ್ಟಿಯಂತೆ ಯಂತ್ರಗಳು ತಾವೇ ಓಡುತ್ತವೆ, ಒಬ್ಬರೋ ಇಬ್ಬರೋ ಎಲ್ಲ ಪರದೆಗಳನ್ನೂ ನೋಡಿಕೊಳ್ಳುತ್ತಾರೆ. ಯಾರಾದರೂ ಹೇಳದೆ ಅವರಿಗೆ ಗೊತ್ತಾಗುವುದಿಲ್ಲ. ಸರಿಪಡಿಸಲು ಒಂದು ನಿಮಿಷ ಸಾಕು, ಚಿತ್ರ ನಿಲ್ಲಿಸುವ ಅಗತ್ಯವೂ ಇಲ್ಲ.

ಸಬ್‌ಟೈಟಲ್ ಒಂದು ಸಾಲೂ ಬಾರದಿದ್ದರೆ ಅದು ಬೇರೆ ತಪ್ಪು. ಒಂದೇ ಡಿಸಿಪಿಯಲ್ಲಿ ಹಲವು ಆವೃತ್ತಿಗಳಿರಬಹುದು, ಪ್ಲೇಲಿಸ್ಟ್‌ಗೆ ಬೇರೊಂದನ್ನು ಎಳೆದು ಹಾಕಿರುತ್ತಾರೆ. ಕಡತದ ಹೆಸರಿನಲ್ಲೇ ಇದರ ಸುಳಿವಿದೆ. ‘ಜೆಎ-ಇಎನ್’ ಎಂದಿದ್ದರೆ ಮಾತು ಜಪಾನಿ, ಸಬ್‌ಟೈಟಲ್ ಇಂಗ್ಲಿಷ್. ‘ಜೆಎ-ಎಕ್ಸ್‌ಎಕ್ಸ್’ ಎಂದಿದ್ದರೆ ಸಬ್‌ಟೈಟಲ್ ಇಲ್ಲ. ಅದೇ ಹೆಸರಿನಲ್ಲಿ ‘ಎಫ್’ ಎಂದರೆ ಫ್ಲ್ಯಾಟ್, ‘ಎಸ್’ ಎಂದರೆ ಸ್ಕೋಪ್. ಹೆಸರು ಓದಿ ನೋಡಿ ಎಂದು ನೀವು ಹೇಳಿದರೆ ಆಪರೇಟರ್‌ಗೆ ತಕ್ಷಣ ಅರ್ಥವಾಗುತ್ತದೆ. ಚಿತ್ರವಿಡೀ ಕತ್ತಲೆ ಕತ್ತಲೆಯಾಗಿದ್ದರೆ ಹಿಂದಿನ ಶೋದ 3ಡಿ ಫಿಲ್ಟರನ್ನು ಲೆನ್ಸಿನ ಮುಂದಿನಿಂದ ತೆಗೆದಿದ್ದಾರೆಯೇ ಎಂದು ಕೇಳಿ.

ಒಂದು ಎಚ್ಚರಿಕೆ: ಹಳೆಯ ಚಿತ್ರಗಳು, ಕೆಲವು ಹೊಸ ಚಿತ್ರಗಳು ಕೂಡ, ಹೆಚ್ಚುಕಡಿಮೆ ಚೌಕಾಕಾರದಲ್ಲಿರುತ್ತವೆ. ಅವಕ್ಕೆ ಎಡಬಲದಲ್ಲಿ ಕಪ್ಪು ಪಟ್ಟಿ ಬರಲೇಬೇಕು. ಅದು ತಪ್ಪಲ್ಲ. ‘ಪರದೆ ತುಂಬಿಸಿ’ ಎಂದು ಗಲಾಟೆ ಮಾಡಿದರೆ ಮತ್ತೆ ಸಬ್‌ಟೈಟಲ್‌ಗೇ ಕುತ್ತು.

ಸಬ್‌ಟೈಟಲ್ ಓದುವಷ್ಟರಲ್ಲಿ ಚಿತ್ರ ಮುಂದೆ ಹೋಗಿರುತ್ತದೆ. ಎಲ್ಲಿ ಕೂತರೆ ಅನುಕೂಲ?
— ಗೃಹಿಣಿ, ದಾವಣಗೆರೆ

ಪರದೆಯ ಅಗಲದ ಒಂದೂಕಾಲು ಪಟ್ಟಿನಿಂದ ಎರಡು ಪಟ್ಟಿನೊಳಗೆ ಕೂರಿ. 40 ಅಡಿ ಅಗಲದ ಪರದೆಯಾದರೆ 50ರಿಂದ 80 ಅಡಿ ದೂರ. ಬಹಳಷ್ಟು ಹಾಲ್‌ಗಳಲ್ಲಿ ಇದು ಮಧ್ಯದ ಸಾಲಿನಿಂದ ಸ್ವಲ್ಪ ಹಿಂದೆ ಬೀಳುತ್ತದೆ. ಇನ್ನೂ ಮುಂದೆ ಕೂತರೆ ಕಣ್ಣು ಮುಖದಿಂದ ಅಕ್ಷರಕ್ಕೆ, ಅಕ್ಷರದಿಂದ ಮುಖಕ್ಕೆ ಉದ್ದಕ್ಕೂ ಓಡಾಡಬೇಕು. ಆಯಾಸವಾಗುವುದು ಅದರಿಂದಲೇ ಹೊರತು ಭಾಷೆಯಿಂದಲ್ಲ. ಇಳಿಜಾರು ಕಡಿಮೆಯಿರುವ ಹಳೆಯ ಥಿಯೇಟರುಗಳಲ್ಲಿ ಮುಂದಿನವರ ತಲೆ ಅಕ್ಷರಗಳಿಗೆ ಅಡ್ಡ ಬರುತ್ತದೆ, ಅಲ್ಲಿ ಬಾಲ್ಕನಿಯೇ ಸರಿ. ಇನ್ನೊಂದು ಮಾತು: ಸಬ್‌ಟೈಟಲನ್ನು ಪದ ಪದವಾಗಿ ಓದಬೇಡಿ. ಅದು ಮೂಡಿದ ಕೂಡಲೇ ಇಡಿಯಾಗಿ ಒಮ್ಮೆ ಕಣ್ಣಾಡಿಸಿ, ಮತ್ತೆ ಮುಖಕ್ಕೆ ಹೋಗಿ. ಇಪ್ಪತ್ತು ನಿಮಿಷದಲ್ಲಿ ರೂಢಿಯಾಗುತ್ತದೆ.

ಮಗಳಿಗೆ ಜಪಾನಿ ಆ್ಯನಿಮೇಷನ್ ಹುಚ್ಚು. ಟಿಕೆಟ್ ಮಾಡಿಸಿ ಹೋದರೆ ಹಿಂದಿ ಡಬ್ಬಿಂಗ್! ಮೊದಲೇ ತಿಳಿಯುವುದು ಹೇಗೆ? ಅವಳಿಗೆ ಹದಿನೈದು. ‘ಎ’ ಚಿತ್ರಕ್ಕೆ ನನ್ನ ಜೊತೆ ಬರಬಹುದೇ?
— ಬ್ಯಾಂಕ್ ಉದ್ಯೋಗಿ, ತುಮಕೂರು

ಟಿಕೆಟ್ ಆ್ಯಪ್‌ನಲ್ಲಿ ಚಿತ್ರದ ಹೆಸರು ಒಂದೇ ಇದ್ದರೂ ಭಾಷೆಗೊಂದು ಶೋ ಇರುತ್ತದೆ. ಮೊದಲು ಭಾಷೆ ಆರಿಸಿ, ಆಮೇಲೆ ಥಿಯೇಟರ್, ಕೊನೆಗೆ ಸಮಯ. ನಾವೆಲ್ಲ ಮಾಡುವುದು ತಿರುಗಾಮುರುಗಾ: ಅನುಕೂಲದ ಸಮಯ ನೋಡಿ ಒತ್ತಿಬಿಡುತ್ತೇವೆ. ಹಣ ಕಟ್ಟುವ ಮುನ್ನ ಕಾಣುವ ಸಾರಾಂಶದಲ್ಲಿ ‘ಜಪಾನೀಸ್’ ಎಂದಿದೆಯೇ ಎಂದು ಇನ್ನೊಮ್ಮೆ ನೋಡಿ. ಚಿತ್ರ ಶುರುವಾಗುವ ಮುನ್ನ ತೋರಿಸುವ ಸೆನ್ಸಾರ್ ಪ್ರಮಾಣಪತ್ರದಲ್ಲೂ ಭಾಷೆ ಬರೆದಿರುತ್ತದೆ. ಡಬ್ ಆದ ಪ್ರತಿ ಆವೃತ್ತಿಗೂ ಪ್ರತ್ಯೇಕ ಪ್ರಮಾಣಪತ್ರ ಬೇಕು.

‘ಎ’ ಚಿತ್ರಕ್ಕೆ ಹದಿನೆಂಟು ತುಂಬದವರು ಅಪ್ಪ ಅಮ್ಮನ ಜೊತೆಗೂ ಬರುವಂತಿಲ್ಲ. ಗುರುತಿನ ಚೀಟಿ ಕೇಳಿ ವಾಪಸು ಕಳಿಸಿದರೆ ಥಿಯೇಟರಿನವರದು ತಪ್ಪಲ್ಲ. 2023ರ ತಿದ್ದುಪಡಿಯ ನಂತರ ಯುಎ ದರ್ಜೆಯನ್ನು 7+, 13+, 16+ ಎಂದು ಮೂರಾಗಿ ಒಡೆದಿದ್ದಾರೆ. ಇವು ಪೋಷಕರಿಗೆ ಕೊಡುವ ಸೂಚನೆ. ಯುಎ 16+ ಚಿತ್ರಕ್ಕೆ ಮಗಳನ್ನು ಕರೆದೊಯ್ಯಬೇಕೋ ಬೇಡವೋ ಎನ್ನುವುದು ನಿಮ್ಮ ತೀರ್ಮಾನ.

ಕನ್ನಡಕ್ಕೆ ಡಬ್ಬಿಂಗ್ ಮಾಡುವುದಕ್ಕೆ ನಿಷೇಧ ಇದೆಯಲ್ಲವೇ?
— ವಿದ್ಯಾರ್ಥಿ, ಕಲಬುರಗಿ

ಕಾನೂನಿನಲ್ಲಿ ಅಂಥ ನಿಷೇಧ ಎಂದೂ ಇರಲಿಲ್ಲ. ಅದು ಚಿತ್ರೋದ್ಯಮ ತನ್ನೊಳಗೆ ಹಾಕಿಕೊಂಡಿದ್ದ ಕಟ್ಟು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದನ್ನು ತಪ್ಪೆಂದು ಹೇಳಿತು. 2022ರಲ್ಲಿ ‘ಅವತಾರ್’ನ ಎರಡನೇ ಭಾಗ ಕನ್ನಡದಲ್ಲೂ ಬಂತು. ಕನ್ನಡ ಆವೃತ್ತಿ ಇದ್ದಾಗ ಅದಕ್ಕೇ ಟಿಕೆಟ್ ತೆಗೆದುಕೊಳ್ಳಿ. ಮುಂದಿನ ಚಿತ್ರಕ್ಕೆ ಕನ್ನಡ ಬೇಕೋ ಬೇಡವೋ ಎಂದು ವಿತರಕರು ನೋಡುವುದು ಮಾರಾಟವಾದ ಟಿಕೆಟ್‌ಗಳನ್ನೇ.

ಬೆಂಗಳೂರಿನಲ್ಲಿ ಬಿಡುಗಡೆಯಾದ ಕೊರಿಯನ್, ಇರಾನಿ ಚಿತ್ರ ಹುಬ್ಬಳ್ಳಿಗೆ ಬರುವುದೇ ಅಪರೂಪ. ಬಂದರೂ ರಾತ್ರಿ ಒಂದೇ ಶೋ, ಗುರುವಾರದ ಹೊತ್ತಿಗೆ ಮಾಯ. ಯಾಕೆ ಹೀಗೆ?
— ಔಷಧ ವ್ಯಾಪಾರಿ, ಹುಬ್ಬಳ್ಳಿ

ರೀಲಿನ ಕಾಲದಲ್ಲಾದರೆ ಎರಡು ಗಂಟೆಯ ಚಿತ್ರಕ್ಕೆ ಹತ್ತು ಸಾವಿರ ಅಡಿಗೂ ಮೀರಿದ ಫಿಲಂ ಬೇಕಿತ್ತು. ಊರಿಗೊಂದು ಪ್ರತಿ ಮಾಡಿಸುವುದು ದುಬಾರಿ ಎನ್ನಬಹುದಿತ್ತು. ಈಗ ಪ್ರತಿಯ ಖರ್ಚು ಬಹಳ ಕಡಿಮೆ. ಕಡತ ಹಾರ್ಡ್‌ಡಿಸ್ಕ್‌ನಲ್ಲೋ ಉಪಗ್ರಹದ ಮೂಲಕವೋ ಬರುತ್ತದೆ. ಅದನ್ನು ತೆರೆಯಲು ಕೆಡಿಎಂ ಎಂಬ ಡಿಜಿಟಲ್ ಕೀಲಿ ಬೇಕು. ಅದು ಒಂದು ನಿರ್ದಿಷ್ಟ ಸರ್ವರ್‌ಗೆ, ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಕೊಟ್ಟಿದ್ದು. ಒಂದನೇ ಪರದೆಯ ಕೀಲಿ ಎರಡನೇ ಪರದೆಯಲ್ಲಿ ನಡೆಯದು. ಕೊನೇ ಗಳಿಗೆಯಲ್ಲಿ ‘ತಾಂತ್ರಿಕ ಕಾರಣದಿಂದ ಶೋ ರದ್ದು’ ಎಂಬ ಸಂದೇಶ ಬಂದರೆ ಎಷ್ಟೋ ಸಲ ಕೀಲಿ ಸಮಯಕ್ಕೆ ತಲುಪಿಲ್ಲ ಎಂದು ಅರ್ಥ.

ಹಾಗಾಗಿ ಕೊರತೆಯಿರುವುದು ಪ್ರತಿಗಲ್ಲ, ಶೋಗಳಿಗೆ. ಥಿಯೇಟರಿನ ವಾರ ಶುಕ್ರವಾರದಿಂದ ಗುರುವಾರದವರೆಗೆ. ಮೊದಲ ಮೂರು ದಿನದ ಸೀಟು ಭರ್ತಿಯ ಲೆಕ್ಕ ನೋಡಿ, ಸೋಮವಾರದಿಂದ ಬುಧವಾರದೊಳಗೆ ಮುಂದಿನ ವಾರದ ಪಟ್ಟಿ ಮಾಡುತ್ತಾರೆ. ‘ಯಾರಾದರೂ ಚೆನ್ನಾಗಿದೆ ಅಂದಮೇಲೆ ಮುಂದಿನ ಭಾನುವಾರ ಹೋಗೋಣ’ ಎಂದುಕೊಳ್ಳುವ ಪ್ರೇಕ್ಷಕರು ಆ ಲೆಕ್ಕಕ್ಕೆ ಸೇರುವುದೇ ಇಲ್ಲ. ನಿಮಗೆ ಬೇಕಾದ ಚಿತ್ರಕ್ಕೆ ಶುಕ್ರ, ಶನಿ, ಭಾನುವಾರದೊಳಗೇ ಹೋಗಿ, ಅದೂ ಮುಂಗಡ ಟಿಕೆಟ್ ಮಾಡಿಸಿ. ಊರಿಗೇ ಬಂದಿಲ್ಲವೆಂದರೆ ನಲವತ್ತು ಐವತ್ತು ಜನ ಸೇರಿ ಮಲ್ಟಿಪ್ಲೆಕ್ಸ್‌ನ ಮ್ಯಾನೇಜರ್ ಬಳಿ ಸಗಟು ಬುಕಿಂಗ್ ಕೇಳಿ. ಚಿತ್ರ ಬೇರೆ ಊರಿನಲ್ಲಿ ಇನ್ನೂ ಓಡುತ್ತಿರುವಾಗಲೇ ಕೇಳಬೇಕು, ಎತ್ತಿದ ಮೇಲೆ ಕೀಲಿ ತರಿಸುವುದು ಕಷ್ಟ.

ಥಿಯೇಟರಿಗೆ ಎಂದೂ ಬಾರದ ಚಿತ್ರಗಳಿಗೆ ಚಿತ್ರೋತ್ಸವಗಳೇ ದಾರಿ: ಕರ್ನಾಟಕ ಚಲನಚಿತ್ರ ಅಕಾಡೆಮಿ ನಡೆಸುವ ಬೆಂಗಳೂರಿನದು, ನವೆಂಬರ್‌ನಲ್ಲಿ ಗೋವಾದ್ದು. ಹುಬ್ಬಳ್ಳಿಯವರಿಗೆ ಗೋವಾವೇ ಹತ್ತಿರ.

ನಾವು ಏಳೆಂಟು ಜನ ಸೇರಿ ತಿಂಗಳಿಗೊಂದು ವಿದೇಶಿ ಚಿತ್ರ ತೋರಿಸಬೇಕೆಂದಿದ್ದೇವೆ. ಸಭಾಭವನ ಇದೆ. ಪ್ರೊಜೆಕ್ಟರ್ ಎಂಥದ್ದು ಬೇಕು? ಅನುಮತಿ? ಮುಖ್ಯವಾಗಿ, ಬರುವವರಲ್ಲಿ ಅರ್ಧದಷ್ಟು ಜನಕ್ಕೆ ಇಂಗ್ಲಿಷ್ ಓದಲು ಬರುವುದಿಲ್ಲ.
— ಅಡಿಕೆ ಬೆಳೆಗಾರರು, ಸಾಗರ

ನಿಮ್ಮ ಪಕ್ಕದ ಹೆಗ್ಗೋಡಿನಲ್ಲಿ ನೀನಾಸಮ್ 1973ರಲ್ಲೇ ಚಿತ್ರಸಮಾಜ ಕಟ್ಟಿ ಹಳ್ಳಿಯವರಿಗೆ ಜಗತ್ತಿನ ಸಿನಿಮಾ ತೋರಿಸಿತು. ಆ ನೆಲದಿಂದ ಈ ಪ್ರಶ್ನೆ ಬಂದದ್ದು ತುಂಬ ಸಂತೋಷ.

ಪರದೆ 12 ಅಡಿ ಅಗಲ ಇರಲಿ, ಎತ್ತರ ಆರೂಮುಕ್ಕಾಲು ಅಡಿ. 81 ಚದರಡಿಯ ಆ ಪರದೆಗೆ ಥಿಯೇಟರಿನ ಮಟ್ಟದ ಬೆಳಕು ಬೇಕೆಂದರೆ ಸುಮಾರು 1,150 ಲ್ಯೂಮೆನ್ ಸಾಕು. ಆದರೆ ಡಬ್ಬಿಯ ಮೇಲೆ ಬರೆದ ಸಂಖ್ಯೆ ಅತಿ ಪ್ರಖರ ಸೆಟ್ಟಿಂಗ್‌ನದು. ಬಣ್ಣ ಸರಿ ಕಾಣುವ ಸಿನಿಮಾ ಮೋಡ್‌ನಲ್ಲಿ ಅದು ಅರ್ಧಕ್ಕಿಳಿಯಬಹುದು, ಆದ್ದರಿಂದ 3,000 ಲ್ಯೂಮೆನ್‌ನದನ್ನು ಕೊಳ್ಳಿ. ದುಡ್ಡು ಉಳಿದರೆ ಪ್ರೊಜೆಕ್ಟರಿಗಿಂತ ಕಿಟಕಿಗಳ ದಪ್ಪ ಕಪ್ಪು ಪರದೆಗೆ ಹಾಕಿ. ಪರದೆಯ ಕೆಳಅಂಚು ನೆಲದಿಂದ ನಾಲ್ಕಡಿಯಾದರೂ ಮೇಲಿರಲಿ, ಇಲ್ಲವಾದರೆ ಕುರ್ಚಿಯಲ್ಲಿ ಕೂತವರ ತಲೆಗಳ ಹಿಂದೆ ಸಬ್‌ಟೈಟಲ್ ಮುಚ್ಚಿಹೋಗುತ್ತದೆ.

ಅನುಮತಿಯ ವಿಷಯ. ಮನೆಯ ಒಟಿಟಿ ಖಾತೆಯಿಂದ ಸಭೆಗೆ ತೋರಿಸುವಂತಿಲ್ಲ, ಆ ಚಂದಾ ಮನೆಯೊಳಗಿನ ವೀಕ್ಷಣೆಗೆ ಮಾತ್ರ. ಟಿಕೆಟ್ ಇಡದಿದ್ದರೂ ಹಕ್ಕುದಾರರ ಒಪ್ಪಿಗೆ ಬೇಕು. ಶಿಕ್ಷಣ ಸಂಸ್ಥೆಯೊಂದು ತನ್ನ ಚಟುವಟಿಕೆಯಾಗಿ ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರಿಗಷ್ಟೇ ತೋರಿಸುವುದಾದರೆ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ಊರಿನವರಿಗೆಲ್ಲ ಬಾಗಿಲು ತೆರೆದರೆ ಅದು ಅನ್ವಯಿಸದು. ನೀವು ಏಳು ಜನ ಇರುವುದು ಒಳ್ಳೆಯದೇ ಆಯಿತು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ಸಂಘ ನೋಂದಾಯಿಸಲು ಕನಿಷ್ಠ ಅಷ್ಟು ಸದಸ್ಯರು ಬೇಕು. ನೋಂದಣಿಯಾದ ಮೇಲೆ ಭಾರತೀಯ ಫಿಲಂ ಸೊಸೈಟಿಗಳ ಒಕ್ಕೂಟವನ್ನು ಸೇರಿ. ಬೆಂಗಳೂರಿನ ಜರ್ಮನ್, ಫ್ರೆಂಚ್ ಸಾಂಸ್ಕೃತಿಕ ಕೇಂದ್ರಗಳಿಗೆ ಸಂಘದ ಲೆಟರ್‌ಹೆಡ್‌ನಲ್ಲೇ ಬರೆಯಿರಿ. ದಿನಾಂಕ, ಆಸನ ಸಂಖ್ಯೆ, ಪ್ರವೇಶ ಉಚಿತವೇ ಎಂಬ ಮೂರನ್ನೂ ಮೊದಲ ಪತ್ರದಲ್ಲೇ ತಿಳಿಸಿ.

ಇನ್ನು ಕನ್ನಡ ಸಬ್‌ಟೈಟಲ್. ನಿಮ್ಮ ಪತ್ರದಲ್ಲಿ ನಮಗೆ ಬಹಳ ಮುಖ್ಯವಾಗಿ ಕಂಡದ್ದು ಇದೇ. ಹಕ್ಕುದಾರರಿಂದ ಚಿತ್ರದ ಜೊತೆ ಇಂಗ್ಲಿಷಿನ ಎಸ್‌ಆರ್‌ಟಿ ಕಡತವನ್ನೂ, ಕನ್ನಡಕ್ಕೆ ತರಲು ಒಪ್ಪಿಗೆಯನ್ನೂ ಕೇಳಿ. ಎಸ್‌ಆರ್‌ಟಿ ಎಂದರೆ ಕ್ರಮಸಂಖ್ಯೆ, ಆರಂಭ ಮತ್ತು ಅಂತ್ಯದ ಸಮಯ, ಮಾತು ಇಷ್ಟೇ ಇರುವ ಸಾದಾ ಪಠ್ಯ. ಮಾತು ಹೆಚ್ಚಿರುವ ಎರಡು ಗಂಟೆಯ ಚಿತ್ರದಲ್ಲಿ ಸಾವಿರಕ್ಕೂ ಹೆಚ್ಚು ತುಣುಕುಗಳಿರುತ್ತವೆ. ಸಮಯವನ್ನು ಮುಟ್ಟದೆ ಮಾತನ್ನಷ್ಟೇ ಬದಲಿಸಿ. ಮೂವರು ಹಂಚಿಕೊಂಡರೂ ಕೊನೆಗೆ ಒಬ್ಬರೇ ಇಡೀ ಕಡತ ಓದಬೇಕು, ಇಲ್ಲದಿದ್ದರೆ ಪಾತ್ರ ಅರ್ಧದಲ್ಲಿ ಬೇರೆ ಥರ ಮಾತಾಡತೊಡಗುತ್ತದೆ.

ಕನ್ನಡದ ಪದಗಳು ಉದ್ದ, ಆದರೆ ಆಡುಮಾತು ಚಿಕ್ಕದು. ಒಳಗಿನಿಂದ ಕರೆದಾಗ ಮಗು ಹೇಳುವ ಇಂಗ್ಲಿಷ್ ಸಾಲನ್ನು ‘ನಾನು ಬರುತ್ತಿದ್ದೇನೆ’ ಎಂದು ಬರೆಯಬೇಡಿ, ‘ಬಂದೆ’ ಸಾಕು. ‘ನನಗೆ ಅದು ಬೇಕಾಗಿಲ್ಲ’ ಅಲ್ಲ, ‘ಬೇಡ’. ಇಂಗ್ಲಿಷ್ ಕಳೆದುಕೊಂಡದ್ದನ್ನು ಕನ್ನಡ ಮರಳಿ ತರಬಲ್ಲದು. ಫ್ರೆಂಚಿನಲ್ಲಿ ‘ವೂ’ ಎಂದು ಮಾತಾಡುತ್ತಿದ್ದ ಇಬ್ಬರು ಒಂದು ಸಂಜೆ ‘ತ್ಯೂ’ ಎನ್ನತೊಡಗಿದರೆ ಅಲ್ಲಿ ಏನೋ ನಡೆದಿದೆ. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಎರಡೂ ಒಂದೇ ಪದ. ನಮ್ಮಲ್ಲಿ ‘ನೀವು’ ಹೋಗಿ ‘ನೀನು’ ಬಂದರೆ ಸಭೆಗೆಲ್ಲ ಗೊತ್ತಾಗುತ್ತದೆ. ಕೊರಿಯನ್ನರಲ್ಲಿ ಹಿರಿಯರನ್ನು ಹೆಸರಿಡಿದು ಕರೆಯುವುದಿಲ್ಲ. ಇಂಗ್ಲಿಷ್ ಅನುವಾದ ಅಲ್ಲೆಲ್ಲ ಹೆಸರು ಹಾಕಿಬಿಡುತ್ತದೆ. ನೀವು ಕಿವಿಗೊಟ್ಟು ಕೇಳಿ, ‘ಒಪ್ಪಾ’, ‘ಹ್ಯೋಂಗ್’ ಬಂದಲ್ಲಿ ‘ಅಣ್ಣ’ ಎಂದೂ, ‘ನೂನಾ’, ‘ಒನ್ನಿ’ ಬಂದಲ್ಲಿ ‘ಅಕ್ಕ’ ಎಂದೂ ಬರೆಯಿರಿ. ಆದರೆ ಪ್ರೇಮಿಯನ್ನೂ ‘ಒಪ್ಪಾ’ ಎನ್ನುತ್ತಾರೆ, ಅಲ್ಲಿ ‘ಅಣ್ಣ’ ಎಂದರೆ ಅನರ್ಥ.

ಒಮ್ಮೆಗೆ ಎರಡೇ ಸಾಲು, ಸಾಲಿಗೆ ಐದು ಪದ ಮೀರದಿರಲಿ. ಕಡತವನ್ನು ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಉಳಿಸಿ, ಇಲ್ಲವಾದರೆ ಅಕ್ಷರಗಳ ಬದಲು ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ. ಪ್ಲೇಯರ್‌ನಲ್ಲಿ ನೋಟೋ ಸಾನ್ಸ್ ಕನ್ನಡದಂಥ ಫಾಂಟ್ ಆರಿಸಿ. ‘ರಾಷ್ಟ್ರ’, ‘ಸ್ತ್ರೀ’ ಬರುವ ಸಾಲುಗಳಲ್ಲಿ ಒತ್ತಕ್ಷರ ಕೆಳಸಾಲಿಗೆ ತಾಗುತ್ತಿದೆಯೇ ಎಂದು ದೊಡ್ಡ ಪರದೆಯ ಮೇಲೇ ಪರೀಕ್ಷಿಸಿ, ಲ್ಯಾಪ್‌ಟಾಪ್‌ನಲ್ಲಿ ಅದು ಕಾಣುವುದಿಲ್ಲ.

ಮಾತಿಗೂ ಸಬ್‌ಟೈಟಲ್‌ಗೂ ಮೊದಲಿನಿಂದ ಕೊನೆಯವರೆಗೆ ಒಂದೇ ಅಂತರ ಇದ್ದರೆ ಚಿಂತೆಯಿಲ್ಲ. ವಿಎಲ್‌ಸಿ ಪ್ಲೇಯರ್‌ನಲ್ಲಿ ‘ಜಿ’, ‘ಎಚ್’ ಕೀಲಿಗಳಿಂದ ಹಿಂದೆ ಮುಂದೆ ಸರಿಸಬಹುದು. ಶುರುವಿನಲ್ಲಿ ಸರಿಯಿದ್ದು ಬರಬರುತ್ತ ದೂರವಾಗಿ, ಒಂದು ಗಂಟೆಯ ಹೊತ್ತಿಗೆ ಎರಡೂವರೆ ನಿಮಿಷದಷ್ಟು ತಪ್ಪಿದರೆ, ಚಿತ್ರದ್ದು ಸೆಕೆಂಡಿಗೆ 25 ಫ್ರೇಮ್, ಸಬ್‌ಟೈಟಲ್‌ನದು 23.976 ಫ್ರೇಮ್ ಅಥವಾ ಅದರ ತಿರುಗುಮುರುಗು ಎಂದು ಅರ್ಥ. ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶದಲ್ಲಿ ಫ್ರೇಮ್‌ರೇಟ್ ಬದಲಿಸುವ ಸೌಲಭ್ಯ ಇದೆ, ಒಂದೇ ಸಲಕ್ಕೆ ಇಡೀ ಕಡತ ಸರಿಯಾಗುತ್ತದೆ. ಪ್ರದರ್ಶನದ ಹಿಂದಿನ ದಿನ ಚಿತ್ರದ ಮೊದಲ ಹತ್ತು ನಿಮಿಷ, ಕೊನೆಯ ಹತ್ತು ನಿಮಿಷ ಎರಡನ್ನೂ ಅದೇ ಭವನದಲ್ಲಿ, ಅದೇ ಪ್ರೊಜೆಕ್ಟರ್‌ನಲ್ಲಿ ಓಡಿಸಿ, ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತು ಓದಿ ನೋಡಿ.