ಇದಕ್ಕೂ ಕನಸು ಬೀಳುತ್ತದಾ?

ನಮ್ಮ ಎಚ್‌ಐವಿ ಚಿಕಿತ್ಸಾ ಕೇಂದ್ರಕ್ಕೆ ಬಂದ ಒಬ್ಬರ ಕಥೆ ಇದು. ಗುರುತು ಸಿಗದಿರಲೆಂದು ಊರು, ವಯಸ್ಸು ಬದಲಿಸಿದ್ದೇನೆ. ಸೋಮವಾರಪೇಟೆ ಕಡೆಯ ಕಾಫಿ ತೋಟವೊಂದರ ಲೈನ್ ಮನೆಯಲ್ಲಿರುವ ಕಾರ್ಮಿಕ ಎಂದಷ್ಟು ತಿಳಿದರೆ ಸಾಕು. ಎಚ್‌ಐವಿ ಇರುವುದು ಖಚಿತವಾಗಿತ್ತು. ಮೊದಲು ಎಲ್ಲಾದರೂ ಮಾತ್ರೆ ತೆಗೆದುಕೊಂಡಿದ್ದೀರಾ ಎಂದರೆ "ಇಲ್ಲ ಮೇಡಂ" ಎಂದಿದ್ದರು. ಹಾಗೆಯೇ ಬರೆದುಕೊಂಡಿದ್ದೆ.

ಎರಡನೆಯ ಭೇಟಿಯ ದಿನ ಕಕ್ಕಡದ ಮಳೆ ಬಿಟ್ಟೂ ಬಿಡದೆ ಹೊಡೆಯುತ್ತಿತ್ತು. ದಿನಕ್ಕೊಂದೇ ಮಾತ್ರೆ, ಹೊತ್ತು ತಪ್ಪಬಾರದು ಎಂದು ನಾನು ವಿವರಿಸುತ್ತಿದ್ದರೆ, ಅವರು ಕೊಡೆಯ ತುದಿಯಿಂದ ನೆಲಕ್ಕಿಳಿಯುತ್ತಿದ್ದ ನೀರನ್ನೇ ನೋಡುತ್ತಿದ್ದರು. ಆಮೇಲೆ ಕೇಳಿದರು: "ಇದಕ್ಕೂ ರಾತ್ರಿ ಕೆಟ್ಟ ಕನಸು ಬೀಳುತ್ತದಾ ಮೇಡಂ? ಬೆಳಿಗ್ಗೆ ತಲೆ ತೇಲಿದ ಹಾಗೆ?"

'ಇದಕ್ಕೂ' ಎಂಬುದರ ಕೊನೆಯ ಆ 'ಊ' ಸಾಕಾಯಿತು. ಕನಸು, ತಲೆ ತೇಲುವುದು ಎಚ್‌ಐವಿಗೆ ಹಿಂದೆ ಕೊಡುತ್ತಿದ್ದ ಇಫಾವಿರೆಂಜ್ ಎಂಬ ಔಷಧಿಯಿದ್ದ ಮಾತ್ರೆಯ ಲಕ್ಷಣ. ಪೆನ್ನು ಕೆಳಗಿಟ್ಟೆ. ಸುಳ್ಳೇಕೆ ಹೇಳಿದಿರಿ ಎನ್ನಲಿಲ್ಲ, "ಎಷ್ಟು ತಿಂಗಳು ತೆಗೆದುಕೊಂಡಿರಿ?" ಎಂದೆ. ನಾಲ್ಕು ತಿಂಗಳು, ಬೇರೆ ಜಿಲ್ಲೆಯಲ್ಲಿ. ಕೆಲಸಕ್ಕೆಂದು ಇಲ್ಲಿಗೆ ಬಂದಾಗ ತಪ್ಪಿತು. ಮತ್ತೆ ಹೋದರೆ ಚಿಕಿತ್ಸಾ ಕೇಂದ್ರದಲ್ಲಿ ಎಲ್ಲರೆದುರು ಬೈದರಂತೆ. ಹೊಸಬನಾಗಿ ಬರುವುದೇ ವಾಸಿ ಎನಿಸಿತಂತೆ.

ಇಂಥ 'ಹೊಸಬರು' ಆಗಾಗ ಬರುತ್ತಾರೆ. ಅವರನ್ನು ಹಾಗೆ ಮಾಡಿದ್ದು ನಮ್ಮದೇ ಬೈಗುಳ ಎಂದು ನಾನು ನಂಬಿದ್ದೇನೆ. ಆ ಹಳೆಯ ಮಾತ್ರೆಯಲ್ಲಿದ್ದ ಮೂರು ಔಷಧಿಗಳನ್ನು ಒಟ್ಟಿಗೆ ಬಿಟ್ಟರೂ ಉಳಿದೆರಡು ಬೇಗ ಇಳಿದು, ಇಫಾವಿರೆಂಜ್ ಮಾತ್ರ ರಕ್ತದಲ್ಲಿ ದಿನಗಟ್ಟಲೆ ಉಳಿಯುತ್ತದೆ. ಕಾಫಿ ಕಣದ ಕಾವಲಿಗೆ ಮೂವರ ಬದಲು ಒಬ್ಬನೇ ನಿಂತಂತೆ. ವೈರಸ್ ಅವನ ಕಣ್ಣು ತಪ್ಪಿಸುವುದನ್ನು ಕಲಿಯುತ್ತದೆ. ಹೀಗೆ ಕಲಿತ ವೈರಸ್ ಇನ್ನೊಬ್ಬರಿಗೆ ದಾಟಿದರೆ, ಒಂದು ಮಾತ್ರೆಯನ್ನೂ ನುಂಗದವರಲ್ಲಿಯೂ ಔಷಧಿ ನಿರೋಧ, ಅಂದರೆ ಔಷಧಿಗೆ ವೈರಸ್ ಬಗ್ಗದಿರುವುದು, ಮೊದಲೇ ಇರುತ್ತದೆ. ಒಂದು ದೇಶದಲ್ಲಿ ಚಿಕಿತ್ಸೆ ಆರಂಭಿಸುವವರಲ್ಲಿ ಇಫಾವಿರೆಂಜ್ ಗುಂಪಿನ ಔಷಧಿಗೆ ನಿರೋಧ ಶೇ. 10 ಮುಟ್ಟಿದರೆ, ಎಲ್ಲರಿಗೂ ಮೊದಲು ಕೊಡುವ ಔಷಧಿಯನ್ನೇ ಬದಲಿಸುವುದನ್ನು ತುರ್ತಾಗಿ ಪರಿಗಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹೇಳಿತು. ಈಗ ಕೊಡುವ ಮಾತ್ರೆಯಲ್ಲಿ ಇಫಾವಿರೆಂಜ್ ಇಲ್ಲ, ಡೊಲುಟೆಗ್ರಾವಿರ್ ಇದೆ. ಅದನ್ನು ವಂಚಿಸುವುದು ವೈರಸ್‌ಗೆ ಅಷ್ಟು ಸುಲಭವಲ್ಲ.

ಬೆಂಗಳೂರಿಗೆ ರಕ್ತ ಕಳಿಸಿ, ನಿರೋಧ ಪರೀಕ್ಷೆಯ ವರದಿ ಬಂದ ಮೇಲೆಯೇ ಮಾತ್ರೆ ಶುರುಮಾಡಲಾ ಎಂದು ಆ ಕಾರ್ಮಿಕರು ಕೇಳಿದರು. ಬೇಡ ಎಂದೆ. ಇದನ್ನು ಒಪ್ಪದವರಿದ್ದಾರೆ, ಗೊತ್ತು. ಆದರೆ ತೋಟದ ಕೂಲಿಯವರನ್ನು ವರದಿಗಾಗಿ ಕಾಯಿಸಿದರೆ ವರದಿ ಬರುತ್ತದೆ, ಅವರು ಬರುವುದಿಲ್ಲ. ಹಳೆಯ ಕಥೆಯನ್ನು ಡಾಕ್ಟರಿಗೆ ಹೇಳಲು ಅವರ ಒಪ್ಪಿಗೆ ಪಡೆದೆ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಗುಟ್ಟು ತೋಟದ ಗುಮಾಸ್ತ ರೈಟರ್‌ವರೆಗೆ ಹೋಗುವಂತಿಲ್ಲ ಎಂದೂ ತಿಳಿಸಿದೆ. ಕ್ಷಯ ಇಲ್ಲವೆಂದು ನೋಡಿಕೊಂಡು ಡಾಕ್ಟರು ಅದೇ ವಾರ ಮಾತ್ರೆ ಆರಂಭಿಸಿದರು. ಆರು ತಿಂಗಳಿಗೆ ರಕ್ತದಲ್ಲಿ ವೈರಸ್ ಎಷ್ಟಿದೆಯೆಂದು ನೋಡುವ ವೈರಲ್ ಲೋಡ್ ಪರೀಕ್ಷೆ. ವೈರಸ್ ಇಳಿಯದಿದ್ದರೆ ಮುಂದಿನ ಮಾತು. ಎದೆಯುರಿಗೆ ಚೀಪುವ ಮಾತ್ರೆ ಬೇಕಾದರೆ ಎಚ್‌ಐವಿ ಮಾತ್ರೆ ನುಂಗಿ ಎರಡು ಗಂಟೆ ಕಳೆಯಲಿ ಎಂದು ಎರಡು ಸಲ ಹೇಳಿದೆ, ಅವರ ಜೇಬಿನಲ್ಲಿ ಅದರ ಪಟ್ಟಿ ಕಾಣುತ್ತಿತ್ತು.

ಮುಂದಿನ ತಿಂಗಳು ಹಳೆಯ ಚಿಕಿತ್ಸಾ ಪುಸ್ತಕ ತಂದರು. ಅಕ್ಕಿ ಡಬ್ಬಿಯ ತಳದಲ್ಲಿ, ಗೊಬ್ಬರ ಚೀಲದ ತುಂಡಿನಲ್ಲಿ ಸುತ್ತಿಟ್ಟಿದ್ದರಂತೆ. ನಾಲ್ಕು ತಿಂಗಳ ನಾಲ್ಕು ಸಹಿ, ಆಮೇಲೆ ಖಾಲಿ ಗೆರೆಗಳು. ಈಗ ನಾನು ಹೊಸಬರಿಗೆ "ತೆಗೆದುಕೊಂಡಿದ್ದೀರಾ?" ಎಂದು ಕೇಳುವುದಿಲ್ಲ. "ಎಲ್ಲರಿಗೂ ಒಮ್ಮೊಮ್ಮೆ ತಪ್ಪುತ್ತದೆ, ನಿಮಗೆ ಯಾವಾಗ ತಪ್ಪಿತು?" ಎನ್ನುತ್ತೇನೆ.