ಹೈದರಾಬಾದ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ದೂರ ಎಷ್ಟು, ಪ್ರಯಾಣಕ್ಕೆ ಎಷ್ಟು ಹೊತ್ತು ಬೇಕು?

ಕಲಬುರಗಿಯಿಂದ ತಾಯಿಯವರನ್ನು ಅಕ್ಕನ ಮನೆಗೆ ಕಳುಹಿಸಬೇಕೆಂದಿರುವ ತಾವು, ಒಂದು ಕಡೆ 13,500, ಇನ್ನೊಂದು ಕಡೆ 15,500 ಕಿ.ಮೀ. ಎಂದಿರುವುದನ್ನು ಕಂಡು ಯಾವುದು ಸರಿ ಎಂದು ಕೇಳಿದ್ದೀರಿ. ಎರಡೂ ಸರಿಯೇ. ಸೂಪರ್ ಮಾರ್ಕೆಟ್ ಬಳಿ ಟಿಕೆಟ್ ಕಾಯ್ದಿರಿಸುವ ಕೆಲಸ ಮಾಡುವ ನನಗೆ ಈ ಪ್ರಶ್ನೆ ಹೊಸದಲ್ಲ.

ಮೊದಲನೆಯದು ಭೂಗೋಳದ ಮೇಲೆ ದಾರ ಹಿಡಿದು ಅಳೆದಾಗ ಸಿಗುವ ಅತಿ ಕಡಿಮೆ ದೂರ. ಈ ಗೆರೆ ಯುರೋಪಿನತ್ತ ಹೋಗದೆ ಟಿಬೆಟ್, ಸೈಬೀರಿಯಾ, ಅಲಾಸ್ಕಾಗಳ ಮೇಲೆ ಹಾಯುತ್ತದೆ. ಆದರೆ ವಿಮಾನಗಳು ಟಿಬೆಟ್ ಪ್ರಸ್ಥಭೂಮಿಯನ್ನು ಸಾಮಾನ್ಯವಾಗಿ ತಪ್ಪಿಸಿ, ಸುತ್ತು ಹಾಕಿಯೇ ಹೋಗುತ್ತವೆ. ವಿಮಾನದೊಳಗಿನ ಗಾಳಿಯ ಒತ್ತಡ ಏಕಾಏಕಿ ಕುಸಿದರೆ ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಯಬೇಕಾಗುತ್ತದೆ. ಅಲ್ಲಿ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿರುವಾಗ ಇಳಿಯುವುದೆಲ್ಲಿಗೆ? ಇದರ ಜೊತೆಗೆ ರಾಜಕಾರಣವೂ ಸೇರುತ್ತದೆ. 2022ರಿಂದ ಅಮೆರಿಕದ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು, 2025ರ ಏಪ್ರಿಲ್‌ನಲ್ಲಿ ಭಾರತೀಯ ವಿಮಾನಗಳಿಗೆ ಪಾಕಿಸ್ತಾನದ ಆಕಾಶ ಮುಚ್ಚಿತು.

ಎರಡನೆಯದು ದುಬೈ ಮೂಲಕ ಹೋಗುವ ದೂರ. ಹೈದರಾಬಾದ್‌ನಿಂದ ದುಬೈಗೆ ಸುಮಾರು 2,550, ಅಲ್ಲಿಂದ ಮುಂದಕ್ಕೆ ಸುಮಾರು 13,000 ಕಿ.ಮೀ. ಈ ಎರಡನೇ ಹಂತದ ನೇರ ಗೆರೆ ಉತ್ತರ ಧ್ರುವದ ತೀರಾ ಸಮೀಪ ಹಾಯುತ್ತದೆ.

ದೂರ ಹೆಚ್ಚಾದರೆ ಹೊತ್ತೂ ಹೆಚ್ಚಬೇಕು ಎಂದೇನಿಲ್ಲ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬದಲು ಪೆಸಿಫಿಕ್ ಸಾಗರದ ಮೇಲೆ ಹಾರಿಸಿದಾಗ ದಾರಿ ಸುಮಾರು 15,300 ಕಿ.ಮೀ.ಗೆ ಬೆಳೆಯಿತಾದರೂ, ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಎತ್ತರದ ಗಾಳಿ ಹಿಂದಿನಿಂದ ನೂಕಿದ್ದರಿಂದ ಪ್ರಯಾಣ ಸುಮಾರು ಹದಿನಾಲ್ಕೂವರೆ ಗಂಟೆಯಲ್ಲೇ ಮುಗಿಯಿತು. ಆದ್ದರಿಂದ ಕಿಲೋಮೀಟರ್ ಲೆಕ್ಕವನ್ನು ಬಿಟ್ಟು ಗಂಟೆಯ ಲೆಕ್ಕವನ್ನು ಹಿಡಿಯಿರಿ.

ದುಬೈವರೆಗೆ ಹೆಚ್ಚುಕಡಿಮೆ 4 ಗಂಟೆ, ಅಲ್ಲಿಂದ 16 ಗಂಟೆ, ನಡುವೆ ಕಾಯಲು 3 ಗಂಟೆ, ಒಟ್ಟು 23 ಗಂಟೆ. ಕಾಯುವ ಹೊತ್ತನ್ನು ಇದಕ್ಕಿಂತ ಕಡಿಮೆ ಮಾಡಬೇಡಿ. ವಯಸ್ಸಾದವರು ಒಂದು ಗೇಟ್‌ನಿಂದ ಇನ್ನೊಂದಕ್ಕೆ ಹೋಗಬೇಕು. ವ್ಹೀಲ್‌ಚೇರ್ ಬೇಕೆಂದು ಟಿಕೆಟ್ ಮಾಡಿಸುವಾಗಲೇ ಹೇಳಿ, ಎರಡೂ ಹಂತಗಳನ್ನು ಒಂದೇ ಟಿಕೆಟ್‌ನಲ್ಲಿ ಮಾಡಿಸಿ.

ಟಿಕೆಟ್‌ನಲ್ಲಿ ಅಚ್ಚಾಗಿರುವುದು ಆಯಾ ಊರಿನ ಸಮಯ. ನಸುಕಿನ 4ಕ್ಕೆ ಹೊರಟು ಅದೇ ದಿನ ಮಧ್ಯಾಹ್ನ 2.30ಕ್ಕೆ ತಲುಪುತ್ತದೆ ಎಂದಿರುವುದನ್ನು ನೋಡಿ, ಹತ್ತೂವರೆ ಗಂಟೆ ಸಾಕಲ್ಲ ಎನ್ನುವವರು ನಮ್ಮಲ್ಲಿಗೆ ಬರುತ್ತಲೇ ಇರುತ್ತಾರೆ. ಅಲ್ಲಿನ ಗಡಿಯಾರ ಮಾರ್ಚ್‌ನಿಂದ ನವೆಂಬರ್‌ವರೆಗೆ ನಮಗಿಂತ ಹನ್ನೆರಡೂವರೆ ಗಂಟೆ, ಉಳಿದ ತಿಂಗಳುಗಳಲ್ಲಿ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಕಲಬುರಗಿಯಿಂದ ಹೈದರಾಬಾದ್ ವಿಮಾನ ನಿಲ್ದಾಣವಿರುವ ಶಂಷಾಬಾದ್‌ಗೆ ರಸ್ತೆಯಲ್ಲಿ ಐದು ಗಂಟೆ, ಅಲ್ಲಿ ಮೂರು ಗಂಟೆ ಮೊದಲೇ ಇರಬೇಕಾದ್ದರಿಂದ, ಹಿಂದಿನ ರಾತ್ರಿ 8ರೊಳಗೆ ಮನೆ ಬಿಡಬೇಕು.

ಬರುವಾಗ ಈ ಲೆಕ್ಕ ತಿರುವುಮುರುವಾಗುತ್ತದೆ. ಬೇಸಿಗೆಯಲ್ಲಿ ಸೋಮವಾರ ಸಂಜೆ 4ಕ್ಕೆ ಅಲ್ಲಿಂದ ಹೊರಟರೆ, 22 ಗಂಟೆಯ ಪ್ರಯಾಣವಾದರೂ, ಹೈದರಾಬಾದ್‌ನಲ್ಲಿ ಇಳಿಯುವುದು ಬುಧವಾರ ನಸುಕಿನ 2.30ಕ್ಕೆ. ಕರೆತರುವ ಕಾರು ಕಲಬುರಗಿಯಿಂದ ಮಂಗಳವಾರ ರಾತ್ರಿ 9.30ಕ್ಕೇ ಹೊರಡಬೇಕೆಂದು ಡ್ರೈವರ್‌ಗೆ ವಾರದ ಹೆಸರು ಹೇಳಿಯೇ ತಿಳಿಸಿ.