ಒಂಬತ್ತನೇ ಕ್ಲಾಸಿನ ಮಗ ಬುತ್ತಿ ಮುಟ್ಟುವುದಿಲ್ಲ, ದಿನಾ ಪಫ್ಸ್ ಬೇಕು ಅನ್ನುತ್ತಾನೆ. ಏನು ಮಾಡಲಿ?

ನಿಮ್ಮ ಪ್ರಶ್ನೆ ಓದಿ ನಾಲ್ಕು ವರ್ಷ ಹಿಂದಿನ ನಮ್ಮ ಮನೆಯೇ ನೆನಪಾಯಿತು. ಬೆಳಿಗ್ಗೆ ಐದಕ್ಕೆ ಎದ್ದು ಚಪಾತಿ ಪಲ್ಯ ಮಾಡಿ ಕಳಿಸುತ್ತೀರಿ, ಸಂಜೆ ಅದು ಹಾಗೇ ವಾಪಸ್ ಬರುತ್ತದೆ, ಬೈದರೆ ಮಗ ಎರಡು ದಿನ ಮಾತು ಬಿಡುತ್ತಾನೆ ಎಂದು ಬರೆದಿದ್ದೀರಿ. ನಾನು ಮಂಗಳೂರಿನವಳು. ಮಗಳು ಈಗ ಡಿಗ್ರಿ ಓದುತ್ತಿದ್ದಾಳೆ, ಮಗ ಸೆಕೆಂಡ್ ಪಿಯುಸಿ. ಇಬ್ಬರಿಗೂ ಹತ್ತು ಹನ್ನೆರಡು ವರ್ಷ ಬುತ್ತಿ ಕಟ್ಟಿದ್ದೇನೆ.

ಹೊಸ ಅಡುಗೆ ಹುಡುಕುವ ಮೊದಲು ಒಂದು ಕೆಲಸ ಮಾಡಿ. ಮಗನಿಗೆ ಕಟ್ಟುವ ಬುತ್ತಿಯನ್ನೇ ಇನ್ನೊಂದು ಡಬ್ಬಿಗೆ ತುಂಬಿ, ಅಡುಗೆಮನೆಯ ಕಟ್ಟೆಯ ಮೇಲೆ ಇಡಿ. ಮಧ್ಯಾಹ್ನ ಅವನು ಊಟ ಮಾಡುವ ಹೊತ್ತಿಗೆ ಅದನ್ನು ತೆಗೆದು ನೀವೇ ತಿನ್ನಿ.

ನಾನು ಹೀಗೆ ಮಾಡಿದ್ದು ಒಂದು ಬೇಸರದ ಸಂಗತಿ ಆದ ಮೇಲೆ. ಮಗನ ಡಬ್ಬಿ ದಿನಾ ಖಾಲಿ ಬರುತ್ತಿತ್ತು. ನನಗೆ ಖುಷಿಯೋ ಖುಷಿ. ಒಂದು ದಿನ ಪಕ್ಕದ ಮನೆಯವರು, ಬಸ್‌ಸ್ಟಾಪಿನಲ್ಲಿ ಅವನು ನಾಯಿಗಳಿಗೆ ದೋಸೆ ಹಾಕುವುದನ್ನು ನೋಡಿದೆವು ಎಂದರು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಮರುದಿನ ಜಗಲಿಯಲ್ಲಿ ಅವನ ಪಕ್ಕ ಕೂತು ಮೆಲ್ಲಗೆ ಕೇಳಿದೆ. "ಅಮ್ಮ, ನೀರ್‌ದೋಸೆ ಮಧ್ಯಾಹ್ನಕ್ಕೆ ಮುದ್ದೆ ಆಗಿರ್ತದೆ. ಕೈ ತೊಳೆಯಲಿಕ್ಕೆ ಲೈನ್ ಉಂಟು, ತಿನ್ನಲಿಕ್ಕೆ ಹದಿನೈದು ನಿಮಿಷ ಸಿಗುವುದು. ಮುಚ್ಚಳ ತೆಗೆದರೆ ಎಲ್ಲರೂ ನನ್ನ ಡಬ್ಬಿಯನ್ನೇ ನೋಡ್ತಾರೆ" ಎಂದ. ನಾನು ಅವನಿಗೆ ನಮ್ಮ ಊಟವೇ ಸೇರುವುದಿಲ್ಲ ಎಂದುಕೊಂಡಿದ್ದೆ. ಹಾಗೆ ಇರಲೇ ಇಲ್ಲ.

ಮಾರನೇ ದಿನ ಆರೂವರೆಗೆ ಎರಡು ಡಬ್ಬಿ ಕಟ್ಟಿದೆ. ಮುಕ್ಕಾಲು ಗಂಟೆ ಕಳೆದು ಅವನು ಬಸ್ಸಿಗೆ ಹೋದ. ಒಂದು ಡಬ್ಬಿ ಮನೆಯಲ್ಲೇ ಉಳಿಯಿತು. ಹನ್ನೆರಡು ಮುಕ್ಕಾಲಿಗೆ ಮುಚ್ಚಳ ತೆಗೆದೆ. ಮುಚ್ಚಳದ ಒಳಗೆಲ್ಲ ನೀರಿನ ಹನಿ. ಮಡಚಿಟ್ಟ ಎಂಟು ದೋಸೆ ಸೇರಿ ಒಂದೇ ಬಿಳಿ ಗಟ್ಟಿ ಆಗಿತ್ತು, ಬೆರಳಲ್ಲಿ ಎಳೆದರೆ ದೋಸೆ ಬರುವುದಿಲ್ಲ, ಚೂರು ಬರುತ್ತದೆ. ಸಣ್ಣ ಕರಡಿಗೆಯಲ್ಲಿದ್ದ ತೆಂಗಿನಕಾಯಿ ಚಟ್ನಿಯ ನೀರು ಬೇರೆ ಆಗಿ, ಹುಳಿ ವಾಸನೆ ಬರಲು ಶುರುವಾಗಿತ್ತು. ನನಗೇ ಅದನ್ನು ಬಾಯಿಗಿಡಲು ಮನಸ್ಸಾಗಲಿಲ್ಲ. ಹುಡುಗನನ್ನು ಸುಮ್ನೆ ತಪ್ಪು ತಿಳಿದೆನಲ್ಲ ಎಂದು ಸಂಕಟವಾಯಿತು.

ನಮ್ಮ ಕರಾವಳಿಯ ಸೆಕೆಗೆ ಆರು ಗಂಟೆ ದೊಡ್ಡ ಹೊತ್ತು. ಹಸಿ ತೆಂಗಿನಕಾಯಿ ಅರೆದದ್ದು ಯಾವುದೂ ಅಷ್ಟು ಹೊತ್ತು ತಡೆಯುವುದಿಲ್ಲ. ಅವತ್ತಿನಿಂದ ಬುತ್ತಿಗೆ ಹಸಿ ಚಟ್ನಿ ಬಂದ್. ಅದರ ಬದಲು ಹುರುಳಿ, ಕೊಬ್ಬರಿ, ಒಣಮೆಣಸು, ಕರಿಬೇವು ಹುರಿದು ಪುಡಿ ಮಾಡಿ ಇಡುತ್ತೇನೆ. ಒಂದು ಚಮಚ ತೆಂಗಿನೆಣ್ಣೆ ಹಾಕಿ ಕಲಸಿದರೆ ಚೆಲ್ಲುವುದೂ ಇಲ್ಲ, ಹಳಸುವುದೂ ಇಲ್ಲ. ಹುರುಳಿಯ ಪ್ರೋಟೀನ್ ಬೇರೆ ಸೇರುತ್ತದೆ.

ಇನ್ನೊಂದು ವಿಷಯ ಬಿಸಿಯದ್ದು. ಬಿಸಿ ಬಿಸಿ ತುಂಬಿ ಮುಚ್ಚಳ ಒತ್ತುವುದೇ ದೊಡ್ಡ ತಪ್ಪು. ಆ ಹಬೆಯೇ ನೀರಾಗಿ ಮೇಲೆ ಬೀಳುವುದು. ದೋಸೆಯಾಗಲಿ ಚಪಾತಿಯಾಗಲಿ, ತೆಳು ಬಟ್ಟೆ ಹಾಸಿದ ಗೆರಸೆಯ ಮೇಲೆ ಒಂದೊಂದೇ ಹರಡಿ, ಫ್ಯಾನಿನ ಕೆಳಗೆ ಹತ್ತು ನಿಮಿಷ ಬಿಡಿ. ಆಮೇಲೆ ಡಬ್ಬಿಗೆ ಹಾಕಿ. ನೀರ್‌ದೋಸೆ ಮಾತ್ರ ಹೀಗೆ ಮಾಡಿದರೂ ಬುತ್ತಿಗೆ ಆಗುವುದಿಲ್ಲ, ಅದು ಮನೆಯಲ್ಲಿ ಕಾವಲಿಯಿಂದ ನೇರ ತಟ್ಟೆಗೆ ಬೀಳಬೇಕಾದ ತಿಂಡಿ.

ನಮ್ಮಲ್ಲಿ ಗೆದ್ದದ್ದು ಕಡ್ಲೆ ಅವಲಕ್ಕಿ. ಹೋಟೆಲಿನಲ್ಲಿ ಮಕ್ಕಳು ಕೇಳಿ ತಿನ್ನುತ್ತಾರೆ, ಆದರೆ ಬುತ್ತಿಗೆ ಕಟ್ಟಬಹುದು ಎಂದು ನಮಗೆ ಹೊಳೆಯುವುದೇ ಇಲ್ಲ ಅಲ್ವಾ? ಗುಟ್ಟು ಇಷ್ಟೇ, ಎರಡನ್ನೂ ಬೇರೆ ಬೇರೆ ಕಟ್ಟಬೇಕು. ಬೇಯಿಸಿದ ಕಡ್ಲೆಗೆ ಒಗ್ಗರಣೆ ಕೊಟ್ಟು ನೀರು ಪೂರ್ತಿ ಆರುವವರೆಗೆ ಬಾಡಿಸಿ ಒಂದು ಕಡೆ. ತೆಳು ಅವಲಕ್ಕಿ ಗರಿಗರಿಯಾಗಿ ಹುರಿದು ಇನ್ನೊಂದು ಕಡೆ. ತಿನ್ನುವಾಗ ಅವನೇ ಮೇಲೆ ಸುರಿದುಕೊಳ್ಳುತ್ತಾನೆ. ಚಮಚದಲ್ಲಿ ತಿನ್ನಬಹುದು, ಕೈ ತೊಳೆಯುವ ಲೈನಿನ ತಾಪತ್ರಯ ಇಲ್ಲ. ಪಕ್ಕದವನಿಗೂ ಒಂದು ಚಮಚ ಕೊಡಬಹುದು. ಇದು ಸಣ್ಣ ಮಾತಲ್ಲ. ಈ ವಯಸ್ಸಿನಲ್ಲಿ ಗೆಳೆಯರು ಕೈ ಹಾಕಿ ತಿಂದ ಬುತ್ತಿಯೇ ಒಳ್ಳೆ ಬುತ್ತಿ. ಅದಕ್ಕೇ ಮೊದಲ ವಾರ ಜಾಸ್ತಿಯೇ ಕಟ್ಟಿ ಕಳಿಸಿದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರ 2020ರ ಲೆಕ್ಕದಲ್ಲಿ 13ರಿಂದ 15 ವರ್ಷದ ಹುಡುಗರಿಗೆ ದಿನಕ್ಕೆ 45 ಗ್ರಾಂ ಪ್ರೋಟೀನ್ ಬೇಕು. 50 ಗ್ರಾಂ ಒಣ ಕಡ್ಲೆಯಲ್ಲಿ 9-10 ಗ್ರಾಂ ಸಿಗುತ್ತದೆ. ಪಫ್ಸಿನ ಹೊರಗಿನ ಪದರ ಅಂದರೆ ಮೈದಾ ಮತ್ತು ಕೊಬ್ಬು, ಅಷ್ಟೆ.

ಮೊಟ್ಟೆ ತಿನ್ನುವ ಮನೆಯಾದರೆ, ಶಾಲೆಯಲ್ಲಿ ಬಿಡುತ್ತಾರಾ ಎಂದು ಮೊದಲು ಕೇಳಿಕೊಳ್ಳಿ. ಬಿಟ್ಟರೂ ಬೇಯಿಸಿದ ಮೊಟ್ಟೆ ಬೇಡ. ಮುಚ್ಚಿದ ಡಬ್ಬಿಯಲ್ಲಿ ಅದರ ವಾಸನೆ ಇಡೀ ಕ್ಲಾಸಿಗೆ ಗೊತ್ತಾಗುತ್ತದೆ, ಹುಡುಗನ ಮಾನ ಹೋಗುತ್ತದೆ. ನೀರುಳ್ಳಿ, ನುಗ್ಗೆಸೊಪ್ಪು ಹಾಕಿ ತೆಳು ಆಮ್ಲೆಟ್ ಮಾಡಿ, ಚಪಾತಿಯೊಳಗೆ ಬಿಗಿಯಾಗಿ ಸುತ್ತಿ, ಬಾಳೆಲೆ ಚೂರಿನಲ್ಲಿ ಕಟ್ಟಿ ಕೊಡಿ. ಮೀನು ಮನೆಗೇ ಇರಲಿ. ನಮ್ಮಲ್ಲಿ ಬೂತಾಯಿ ಮೀನು ರಾತ್ರಿ ಊಟಕ್ಕೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧ, ಯಂತ್ರದ ಬೋಟು ಕಡಲಿಗೆ ಇಳಿಯುವುದಿಲ್ಲ, ಮೀನಿಗೆ ಬೆಂಕಿ ರೇಟು. ಶಾಲೆ ಶುರುವಾಗುವುದೂ ಆಗಲೇ. ಆ ಎರಡು ತಿಂಗಳು ಕಡ್ಲೆ, ಹೆಸರು, ಅಲಸಂಡೆ ಬೀಜವನ್ನೇ ನಂಬಿರುತ್ತೇನೆ.

ಮೊಸರನ್ನಕ್ಕೆ ನಮ್ಮ ಅತ್ತೆಯ ಉಪಾಯ ಉಂಟು. ಕುಚ್ಚಲಕ್ಕಿ ಅನ್ನವನ್ನು ಮೆತ್ತಗೆ ಬೇಯಿಸಿ, ಉಗುರುಬೆಚ್ಚಗೆ ಇರುವಾಗ ಹಾಲು ಹಾಕಿ ಹಿಸುಕಿ, ಒಂದೇ ಚಮಚ ಮೊಸರು ಸೇರಿಸಬೇಕು. ಮಧ್ಯಾಹ್ನಕ್ಕೆ ಹುಳಿಯಿಲ್ಲದೆ ಹೆಪ್ಪಾಗಿರುತ್ತದೆ. ಮೇಲೆ ದಾಳಿಂಬೆ, ಬದಿಯಲ್ಲಿ ಒಂದು ಚೂರು ಮಿಡಿ ಉಪ್ಪಿನಕಾಯಿ. ಸಿಹಿ ಬೇಕೆಂದು ಹಟ ಮಾಡಿದರೆ ರಾಗಿ ಮಣ್ಣಿ (ಹಾಲುಬಾಯಿ) ಚೌಕ ಕತ್ತರಿಸಿ ಎರಡು ತುಂಡು. 13ರಿಂದ 15 ವರ್ಷದವರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಇರುತ್ತದೆ.

ನಿಮಗೆ ಮಗಳೂ ಇದ್ದರೆ ಇದನ್ನು ದಯವಿಟ್ಟು ಓದಿ. ನನ್ನ ಮಗಳು ಹತ್ತನೇ ಕ್ಲಾಸಿನಲ್ಲಿ ಯಾವಾಗಲೂ ಸುಸ್ತು ಅನ್ನುತ್ತಿದ್ದಳು. ಪರೀಕ್ಷೆಯ ಟೆನ್ಶನ್ ಎಂದುಕೊಂಡೆ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9.4. ಅವಳ ವಯಸ್ಸಿಗೆ 12 ಆದರೂ ಇರಬೇಕು. ದಪ್ಪ ಆಗುತ್ತೇನೆಂದು ಬುತ್ತಿಯನ್ನು ಅರ್ಧ ಬಿಡುತ್ತಿದ್ದಳು, ಅದು ನನಗೆ ಗೊತ್ತೇ ಇರಲಿಲ್ಲ. ಅದಕ್ಕೂ ಮೊದಲು ಮನೆಯಲ್ಲಿ ನಾವೇ ಯಾರೋ ಅವಳ ಕೆನ್ನೆ ನೋಡಿ "ಸ್ವಲ್ಪ ಕಡಿಮೆ ತಿನ್ನು" ಎಂದಿದ್ದೆವು. ಮಕ್ಕಳ ಮೈ ಬಗ್ಗೆ ಮಾತು ಬೇಡ ಮಾರಾಯ್ರೇ, ತಮಾಷೆಗೂ ಬೇಡ. 13ರಿಂದ 15ರ ಹುಡುಗಿಯರಿಗೆ ದಿನಕ್ಕೆ 30 ಮಿಲಿಗ್ರಾಂ ಕಬ್ಬಿಣ ಬೇಕು, ಅದೇ ವಯಸ್ಸಿನ ಹುಡುಗರಿಗೆ 22 ಸಾಕು. ಡಾಕ್ಟರು ಕೊಟ್ಟ ಮಾತ್ರೆಯ ಜೊತೆ ನಾನು ಬದಲಿಸಿದ್ದು ಎರಡೇ. ತಿಂಡಿಯ ಜೊತೆ ಕುಡಿಯುತ್ತಿದ್ದ ಚಾ ನಿಲ್ಲಿಸಿದೆ, ಯಾಕೆಂದರೆ ಚಾ ಕುಡಿದರೆ ಕಾಳು ಸೊಪ್ಪಿನ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಡಬ್ಬಿಯ ಜೊತೆ ದಿನಾ ಪೇರಳೆ (ಸೀಬೆ) ಹಣ್ಣಿನ ಹೋಳು, ಇಲ್ಲದಿದ್ದರೆ ಉಪ್ಪಲ್ಲಿ ಹಾಕಿದ ನೆಲ್ಲಿಕಾಯಿ ಇಟ್ಟೆ. ಅದರ ಸಿ ವಿಟಮಿನ್ ಕಬ್ಬಿಣವನ್ನು ಎಳೆದುಕೊಳ್ಳಲು ಸಹಾಯ ಮಾಡುತ್ತದೆ. ಸರಕಾರಿ, ಅನುದಾನಿತ ಶಾಲೆಯಾದರೆ ವಾರಕ್ಕೊಂದು ಕಬ್ಬಿಣದ ನೀಲಿ ಮಾತ್ರೆ ಕೊಡುವ ಕಾರ್ಯಕ್ರಮವೂ ಉಂಟು. ಹುಡುಗರಿಗೂ ಅದು ಸಿಗುತ್ತದೆ, ಬಿಸಾಡದೆ ನುಂಗಲು ಹೇಳಿ.

ಕ್ಯಾಂಟೀನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿಯನ್ನು ಶಾಲೆಯೊಳಗೆ, ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದು ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2020ರಲ್ಲೇ ನಿಯಮ ಮಾಡಿದೆ. ಹೆತ್ತವರ ಮೀಟಿಂಗಿನಲ್ಲಿ ಇದನ್ನು ಎತ್ತಿ, ಒಬ್ಬರೇ ಅಲ್ಲ, ನಾಲ್ಕು ಜನ ಸೇರಿ. ಆದರೆ ಮಗನಿಗೆ ಪಫ್ಸ್ ಪೂರ್ತಿ ಬಂದ್ ಮಾಡಬೇಡಿ. ನಾವು ವಾರಕ್ಕೆ ಒಂದು ದಿನ ದುಡ್ಡು ಕೊಡುತ್ತಿದ್ದೆವು, ಯಾವ ದಿನ ಎಂದು ಅವನೇ ಹೇಳುತ್ತಿದ್ದ. ಉಳಿದ ದಿನದ ಬುತ್ತಿಗೂ ಅವನದ್ದೇ ಪಟ್ಟಿ. ಅವನು ಆರಿಸಿದ್ದರಲ್ಲಿ ಒಂದು ಕಾಳು, ಒಂದು ಹಣ್ಣು ಇರಲೇಬೇಕು ಎಂಬುದು ಮಾತ್ರ ನನ್ನ ಹಟ. ಹದಿನೈದು ದಿನಕ್ಕೊಮ್ಮೆ ಪಟ್ಟಿಯಲ್ಲಿ ಮಂಗಳೂರು ಬನ್ಸ್ ಬರೆಯುತ್ತಿದ್ದ, ಮಾಡಿಕೊಡುತ್ತಿದ್ದೆ. ಅರ್ಧ ಗೋಧಿ ಹಿಟ್ಟು ಹಾಕಿದರೂ ಅದು ಎಣ್ಣೆಯಲ್ಲಿ ಕರಿದದ್ದೇ, ಆದರೂ ಬಾಳೆಹಣ್ಣು ಹಾಕಿ ಮನೆಯಲ್ಲಿ ಮಾಡಿದ್ದು.

ಈ ಸೋಮವಾರಕ್ಕೆ ಕಡ್ಲೆ ಅವಲಕ್ಕಿಯಿಂದಲೇ ಶುರು ಮಾಡಿ ನೋಡಿ. ಆದಿತ್ಯವಾರ ರಾತ್ರಿ ಕಡ್ಲೆ ನೆನೆಹಾಕಲು ಮರೆಯಬೇಡಿ, ಇಬ್ಬರಿಗೆ ಆಗುವಷ್ಟು ಹಾಕಿ. ಡಬ್ಬಿಯ ಜೊತೆ ಎರಡು ಚಮಚ ಇಡಿ, ಒಂದು ಗೆಳೆಯನಿಗೆ.